ಧೂಮಕೇತುವಿನ ಮೇಲ್ಮೈ: ರೂಪುಗೊಳ್ಳುವ ಮತ್ತು ಸವೆಯುವ ಬಗೆ

ಧೂಮಕೇತು ಎಂಬ ಪದಕ್ಕೆ ಹೊಗೆಯನ್ನೇ ಬಾವುಟವಾಗಿ ಉಳ್ಳದ್ದು ಎಂದು ಅರ್ಥ. ಆಡುನುಡಿಯಲ್ಲಿ ಇದನ್ನು ಬಾಲಚುಕ್ಕಿ ಎಂದು ಕರೆಯಲಾಗುತ್ತದೆ. ಎರಡು ಹೆಸರುಗಳೂ ಆಕಾಶದಲ್ಲಿ ಕಾಣುವ ಬೆಳಕಿನ ಪಟ್ಟಿಯನ್ನು ಕುರಿತವೇ ಹೊರತು ಆ ಪಟ್ಟಿ ಹೊರಡುವ ನೆಲವನ್ನು ಕುರಿತವಲ್ಲ. ಆದರೆ ಬಾಲವೆಂದು ನಾವು ಕಾಣುವುದು ವಾಸ್ತವವಾಗಿ ಆ ನೆಲವೇ ಆಗಿದೆ. ಸೂರ್ಯನ ಶಾಖಕ್ಕೆ ಸವೆದು, ಅನಿಲ ಮತ್ತು ಧೂಳಿನ ರೂಪ ತಾಳಿ, ಮರಳಿ ಬಾರದಂತೆ ಬಾಹ್ಯಾಕಾಶಕ್ಕೆ ಹೊರಟುಹೋಗುತ್ತಿರುವ ನೆಲ ಅದು. ಆ ಸವೆತವು ಹೇಗೆ ನಡೆಯುತ್ತದೆ ಮತ್ತು ಧೂಮಕೇತುವಿನ ಮೇಲಿನ ಬಂಡೆಗೋಡೆ, ಕುಳಿ, ಬಿರುಕು ಹಾಗೂ ಧೂಳಿನ ಬಯಲುಗಳು ಹೇಗೆ ಉಂಟಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳ ಮತ್ತು ಆಸಕ್ತ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಈ ವಿಷಯದ ಅಧ್ಯಯನಕ್ಕೆ ಮುಖ್ಯವಾದ ಕಾರಣವೊಂದಿದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ಸೌರವ್ಯೂಹವು ರೂಪುಗೊಂಡಾಗ ಗ್ರಹಗಳಲ್ಲಿ ಸೇರದೆ ಉಳಿದ ಮೂಲಸಾಮಗ್ರಿಯೇ ಧೂಮಕೇತುಗಳು ಎಂದು ಪರಿಗಣಿಸಲಾಗಿದೆ. ಸೂರ್ಯನಿಂದ ಬಹುದೂರದಲ್ಲಿ, ಕಡುಶೀತದಲ್ಲಿ ಇದ್ದುದರಿಂದ ಆ ಸಾಮಗ್ರಿಯು ಹೆಚ್ಚು ಮಾರ್ಪಡದೆ ಉಳಿದಿದೆ. ಹಾಗಿದ್ದಲ್ಲಿ ಅದರ ಮೇಲೆ ಕಾಣುವ ಆಕೃತಿಗಳು ಹುಟ್ಟಿನ ಗುರುತುಗಳೋ ಅಥವಾ ಸೂರ್ಯನ ಬಳಿ ಸುಳಿದಾಡಿದ್ದರಿಂದ ಉಂಟಾದ ಸವೆತದ ಗುರುತುಗಳೋ? ಈ ಎರಡನ್ನೂ ಬೇರ್ಪಡಿಸಿ ತಿಳಿಯದೆ, ಧೂಮಕೇತುವನ್ನು ನೋಡಿ ಸೌರವ್ಯೂಹದ ಆದಿಯ ಬಗ್ಗೆ ಮಾತನಾಡುವುದು ಸಾಧ್ಯವಿಲ್ಲ.

ತಿರುಳನ್ನು ಸಮೀಪದಿಂದ ಕಂಡ ಬಗೆ

ಧೂಮಕೇತುವಿನ ಗಟ್ಟಿಯಾದ ಭಾಗಕ್ಕೆ ನ್ಯೂಕ್ಲಿಯಸ್ ಅಥವಾ ತಿರುಳು ಎಂದು ಹೆಸರು. ಇದು ಸಾಮಾನ್ಯವಾಗಿ ಕೆಲವೇ ಕಿಲೋಮೀಟರುಗಳಷ್ಟು ದೊಡ್ಡದಾಗಿರುತ್ತದೆ. ಸೂರ್ಯನಿಂದ ದೂರದಲ್ಲಿರುವಾಗ ದೂರದರ್ಶಕಕ್ಕೆ ಅದು ಮಸುಕಾದ ಒಂದು ಚುಕ್ಕೆ. ಸಮೀಪಕ್ಕೆ ಬಂದಾಗ ತಾನೇ ಹೊರಸೂಸಿದ ಅನಿಲ ಮತ್ತು ಧೂಳಿನ ಮುಸುಕಿನಲ್ಲಿ ಮರೆಯಾಗುತ್ತದೆ. ಆದ್ದರಿಂದ ಭೂಮಿಯಿಂದ ಅದರ ನೆಲವನ್ನು ನೋಡುವುದು ಸಾಧ್ಯವಾಗದೆ, ಬಳಿಗೆ ವ್ಯೋಮನೌಕೆಗಳನ್ನೇ ಕಳುಹಿಸಬೇಕಾಯಿತು.

ಯೂರೋಪಿನ ಜಿಯೊಟ್ಟೊ ನೌಕೆಯು 1986ರ ಮಾರ್ಚ್‌ನಲ್ಲಿ ಹ್ಯಾಲಿ ಧೂಮಕೇತುವಿನ ಪಕ್ಕದಲ್ಲಿ ಹಾದುಹೋಯಿತು. ಸುಮಾರು 15 ಕಿ.ಮೀ. ಉದ್ದದ ಆ ತಿರುಳು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 4ರಷ್ಟನ್ನು ಮಾತ್ರ ಹಿಂದಿರುಗಿಸುತ್ತಿದ್ದುದು ಕಂಡುಬಂತು. ರಾತ್ರಿಯ ಆಕಾಶದಲ್ಲಿ ಅಷ್ಟು ಉಜ್ವಲವಾಗಿ ತೋರುವ ವಸ್ತುವು ಹತ್ತಿರದಿಂದ ನೋಡಿದರೆ ಇದ್ದಿಲಿಗಿಂತಲೂ ಕಪ್ಪಾಗಿತ್ತು! ಆ ನಂತರ 2001ರಲ್ಲಿ ಬೊರೆಲ್ಲಿ, 2004ರಲ್ಲಿ ವಿಲ್ಟ್-2, 2005ರಲ್ಲಿ ಟೆಂಪಲ್-1 ಮತ್ತು 2010ರಲ್ಲಿ ಹಾರ್ಟ್ಲಿ-2 ಧೂಮಕೇತುಗಳ ಚಿತ್ರಗಳು ದೊರೆತವು. ಇವೆಲ್ಲವೂ ಹಾದುಹೋಗುತ್ತಾ ತೆಗೆದ ಚಿತ್ರಗಳು. ಒಂದು ಊರನ್ನು ಓಡುವ ರೈಲಿನ ಕಿಟಕಿಯಿಂದ ನೋಡಿದಂತೆ, ರೂಪವು ತಿಳಿಯಿತೇ ಹೊರತು ಅದು ಬದಲಾಗುವ ಬಗೆ ತಿಳಿಯಲಿಲ್ಲ. ಟೆಂಪಲ್-1ರ ಬಳಿಗೆ ಮಾತ್ರ 2011ರ ಫೆಬ್ರವರಿಯಲ್ಲಿ ಸ್ಟಾರ್‌ಡಸ್ಟ್ ನೌಕೆಯು ಎರಡನೆಯ ಬಾರಿ ಭೇಟಿ ನೀಡಿತು. ನಡುವಿನ ಅವಧಿಯಲ್ಲಿ ಧೂಮಕೇತುವು ಸೂರ್ಯನನ್ನು ಒಮ್ಮೆ ಸುತ್ತಿಬಂದಿತ್ತು. ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸಿದಾಗ ಕೆಲವು ದಿಬ್ಬಗಳ ಅಂಚು 20ರಿಂದ 30 ಮೀಟರುಗಳಷ್ಟು ಹಿಂದೆ ಸರಿದಿರುವುದು ಗೋಚರಿಸಿತು. ಧೂಮಕೇತುವಿನ ನೆಲವು ಸವೆಯುವುದಕ್ಕೆ ಕಣ್ಣಿಗೆ ಕಾಣುವ ಮೊದಲ ಪುರಾವೆ ಇದು.

ಒಂದೇ ಧೂಮಕೇತುವಿನ ಜೊತೆಯಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಇದ್ದು ಗಮನಿಸಿದ್ದು ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ ನೌಕೆ. 2004ರ ಮಾರ್ಚ್ 2ರಂದು ಉಡಾಯಿಸಲಾದ ಈ ನೌಕೆಯು ಹತ್ತು ವರ್ಷಗಳ ಪ್ರಯಾಣದ ನಂತರ 2014ರ ಆಗಸ್ಟ್ 6ರಂದು 67ಪಿ ಚುರ್ಯುಮೋವ್-ಗೆರಾಸಿಮೆಂಕೊ ಎಂಬ ಧೂಮಕೇತುವನ್ನು ತಲುಪಿತು. 1969ರಲ್ಲಿ ಸ್ವೆತ್ಲಾನಾ ಗೆರಾಸಿಮೆಂಕೊ ತೆಗೆದ ಛಾಯಾಚಿತ್ರವನ್ನು ಪರೀಕ್ಷಿಸುತ್ತಿದ್ದ ಕ್ಲಿಮ್ ಚುರ್ಯುಮೋವ್ ಇದನ್ನು ಗುರುತಿಸಿದ್ದರಿಂದ ಇಬ್ಬರ ಹೆಸರನ್ನೂ ಇಡಲಾಗಿದೆ. ಇದು ಸುಮಾರು ಆರೂವರೆ ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಸೂರ್ಯನಿಗೆ ಅತ್ಯಂತ ಸಮೀಪದ ಬಿಂದುವಾದ ಪುರರವಿಯಲ್ಲಿ ಇದರ ದೂರ ಸುಮಾರು 18.6 ಕೋಟಿ ಕಿ.ಮೀ. ಆಗಿದ್ದು, ಅತ್ಯಂತ ದೂರದ ಬಿಂದುವಿನಲ್ಲಿ ಸುಮಾರು 85 ಕೋಟಿ ಕಿ.ಮೀ. ಆಗಿರುತ್ತದೆ. ಮುಂದಿನ ವಿವರಣೆಯು ಬಹುಮಟ್ಟಿಗೆ ಈ ಧೂಮಕೇತುವನ್ನೇ ಆಧರಿಸಿದೆ.

ನೆಲದ ಸ್ವರೂಪ

67ಪಿ ಎರಡು ಹಾಲೆಗಳಿಂದ ಕೂಡಿದೆ. ದೊಡ್ಡ ಹಾಲೆಯು ಸುಮಾರು 4.1 ಕಿ.ಮೀ. ಉದ್ದವಿದ್ದು, ಚಿಕ್ಕದು 2.6 ಕಿ.ಮೀ. ಉದ್ದವಿದೆ. ಇವೆರಡನ್ನೂ ಕಿರಿದಾದ ಕುತ್ತಿಗೆಯೊಂದು ಸೇರಿಸುತ್ತದೆ. ಕುತ್ತಿಗೆಯು ಸವೆತದಿಂದ ಕೊರೆದುಂಟಾದುದೇ ಎಂಬ ಸಂದೇಹವು ಆರಂಭದಲ್ಲಿತ್ತು. ಆದರೆ ಎರಡೂ ಹಾಲೆಗಳಲ್ಲಿ ಈರುಳ್ಳಿಯ ಸಿಪ್ಪೆಗಳಂತೆ ಕಾಣುವ ಪದರಗಳಿದ್ದು, ಒಂದು ಹಾಲೆಯ ಪದರಗಳ ಓರೆಯು ಇನ್ನೊಂದಕ್ಕೆ ಹೊಂದುವುದಿಲ್ಲವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಅಂದರೆ, ಬೇರೆ ಬೇರೆಯಾಗಿ ಹುಟ್ಟಿದ ಎರಡು ಕಾಯಗಳು ಬಹು ಮೆಲ್ಲಗೆ ಒಂದನ್ನೊಂದು ತಾಕಿ ಅಂಟಿಕೊಂಡಿವೆ. ಈ ಅವಳಿ ಆಕಾರ ಮತ್ತು ಪದರಗಳನ್ನು ಹುಟ್ಟಿನ ಗುರುತುಗಳೆಂದು ಎಣಿಸಬಹುದು.

ಈ ನೆಲವನ್ನು ಕಲ್ಲು ಎನ್ನುವುದು ತಪ್ಪಾಗುತ್ತದೆ. ಇದರ ಸಾಂದ್ರತೆಯು ಘನ ಮೀಟರಿಗೆ ಸುಮಾರು 533 ಕಿಲೋಗ್ರಾಂ, ಅಂದರೆ ನೀರಿನ ಅರ್ಧಕ್ಕಿಂತ ತುಸು ಹೆಚ್ಚು. ಒಟ್ಟು ಗಾತ್ರದಲ್ಲಿ ಶೇಕಡಾ 70ರಿಂದ 75ರಷ್ಟು ಬರಿಯ ಟೊಳ್ಳು. ಮಂಡಕ್ಕಿಯಂತೆ, ನೋಡಲು ದೊಡ್ಡದು, ಒಳಗೆ ಹಗುರ. ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್ 1950ರಲ್ಲಿ ಮಂಡಿಸಿದ ಕಲ್ಪನೆಯಂತೆ ಧೂಮಕೇತುವನ್ನು ಕೊಳಕಾದ ಹಿಮದ ಉಂಡೆಯೆಂದು ವರ್ಣಿಸುವುದು ರೂಢಿಯಾಗಿತ್ತು. ಈಗ ಹಿಮ ಸೇರಿದ ಧೂಳಿನ ಉಂಡೆ ಎನ್ನುವುದೇ ಹೆಚ್ಚು ಸರಿಯೆನಿಸುತ್ತದೆ. ಇಲ್ಲಿ ಹಿಮವೆಂದರೆ ನೀರಿನ ಹಿಮ ಮಾತ್ರವಲ್ಲದೆ ಇಂಗಾಲದ ಡೈಆಕ್ಸೈಡ್, ಇಂಗಾಲದ ಮಾನಾಕ್ಸೈಡ್ ಮುಂತಾದವುಗಳ ಹಿಮವೂ ಸೇರಿದೆ.

ಇಲ್ಲಿನ ಗುರುತ್ವವು ಭೂಮಿಯ ಗುರುತ್ವದ ಸುಮಾರು ಅರುವತ್ತು ಸಾವಿರದಲ್ಲಿ ಒಂದು ಪಾಲು. 2014ರ ನವೆಂಬರ್ 12ರಂದು ಇಲ್ಲಿ ಇಳಿದ, 100 ಕಿಲೋಗ್ರಾಂ ರಾಶಿಯ ಫಿಲೇ ಯಂತ್ರದ ತೂಕವು ಒಂದೆರಡು ಗ್ರಾಂಗಳಷ್ಟಾಯಿತು. ಲಂಗರು ಕೆಲಸ ಮಾಡದಿದ್ದ ಕಾರಣ ಅದು ಮೊದಲು ತಾಕಿದ ಸ್ಥಳದಿಂದ ಪುಟಿದು, ಸುಮಾರು ಒಂದು ಕಿಲೋಮೀಟರು ಆಚೆಗೆ ನೆರಳಿನ ಸಂದೊಂದರಲ್ಲಿ ನಿಂತಿತು. ಈ ಅವಘಡದಿಂದ ಒಂದು ಉಪಕಾರವೂ ಆಯಿತು: ಒಂದು ಸ್ಥಳದ ಬದಲು ಹಲವು ಸ್ಥಳಗಳ ನೆಲದ ಗುಣ ತಿಳಿಯಿತು. ಮೊದಲು ತಾಕಿದೆಡೆ ಸಡಿಲವಾದ ಧೂಳಿನ ಹೊದಿಕೆಯಿತ್ತು. ಕೊನೆಗೆ ನಿಂತೆಡೆ ಅದರ ಸುತ್ತಿಗೆಯು ಭೇದಿಸಲಾರದಷ್ಟು ಗಡುಸಾದ ಪದರವಿತ್ತು. ನಡುವೆ ಉಜ್ಜಿಹೋದ ಬಂಡೆಯ ಒಳಗಿನ ಹಿಮವು ನೊರೆಗಿಂತಲೂ ಮೃದುವಾಗಿತ್ತೆಂದು 2020ರಲ್ಲಿ ಪ್ರಕಟಿಸಲಾಯಿತು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಅತಿ ದುರ್ಬಲವಾದ ಹೂರಣ. ಮುಂದೆ ಹೇಳಲಾಗುವ ಕುಸಿತಗಳಿಗೆ ಈ ಸ್ವಭಾವವೇ ಮೂಲ.

ನೀರು ಹರಿಯದ ನಾಡಿನಲ್ಲಿ ಸವೆತ

ಭೂಮಿಯ ಮೇಲೆ ನೆಲವನ್ನು ಸವೆಸುವ ಪ್ರಮುಖ ಶಕ್ತಿ ಹರಿಯುವ ನೀರು. ಧೂಮಕೇತುವಿನ ಮೇಲೆ ದ್ರವರೂಪದ ನೀರು ನಿಲ್ಲಲಾರದು. ಅಲ್ಲಿ ವಾಯುವಿನ ಒತ್ತಡವು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ, ಹಿಮವು ಕರಗದೆ ನೇರವಾಗಿ ಆವಿಯಾಗುತ್ತದೆ. ಈ ಕ್ರಿಯೆಯನ್ನು ಉತ್ಪತನ ಎನ್ನುತ್ತಾರೆ. ಬಟ್ಟೆಗಳ ನಡುವೆ ಇಟ್ಟ ನುಸಿಗುಳಿಗೆಯು ಒದ್ದೆಯಾಗದೆಯೇ ದಿನೇದಿನೇ ಕಿರಿದಾಗುವುದನ್ನೂ, ಮುಚ್ಚದೆ ಇಟ್ಟ ಕರ್ಪೂರವು ಮಾಯವಾಗುವುದನ್ನೂ ಓದುಗರು ಗಮನಿಸಿರಬಹುದು. ಕ್ರಿಯೆ ಅದೇ ಆಗಿದೆ.

ಹಿಮವು ಆವಿಯಾಗಿ ಹೊರನುಗ್ಗುವಾಗ ಅದರೊಡನೆ ಬೆರೆತಿದ್ದ ಧೂಳಿನ ಕಣಗಳನ್ನೂ ಎತ್ತಿಕೊಂಡು ಹೋಗುತ್ತದೆ. ಸಣ್ಣ ಕಣಗಳು ತಪ್ಪಿಸಿಕೊಂಡು ಬಾಲವನ್ನು ಸೇರುತ್ತವೆ. ದೊಡ್ಡ ಕಣಗಳು ಅಲ್ಲಿಯೇ ಉಳಿಯುತ್ತವೆ ಅಥವಾ ಮೇಲೆ ಹಾರಿ ಮತ್ತೆ ಬೀಳುತ್ತವೆ. ಹೀಗೆ ಉಳಿದ ಧೂಳು ಕ್ರಮೇಣ ಹೊದಿಕೆಯಾಗುತ್ತದೆ. ಈ ಹೊದಿಕೆಯು ಶಾಖವನ್ನು ಒಳಕ್ಕೆ ಬಿಡುವುದಿಲ್ಲ. ಕೆಲವು ಸೆಂಟಿಮೀಟರುಗಳಷ್ಟು ದಪ್ಪನಾದ ಒಣ ಧೂಳು ಸಹ ಕೆಳಗಿನ ಹಿಮವನ್ನು ಬಿಸಿಲಿನಿಂದ ಬಹುಮಟ್ಟಿಗೆ ರಕ್ಷಿಸಬಲ್ಲದು. ಸವೆತವು ತನ್ನನ್ನು ತಡೆಯುವ ಮುಸುಕನ್ನು ತಾನೇ ನೇಯುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟರೆ ಧೂಮಕೇತುವಿನ ಭೂರೂಪಗಳ ಬಹುಭಾಗವು ಅರ್ಥವಾಗುತ್ತದೆ. ಸಮತಟ್ಟಾದ ಸ್ಥಳಗಳಲ್ಲಿ ಮುಸುಕು ನಿಲ್ಲುತ್ತದೆ, ಸವೆತ ತಗ್ಗುತ್ತದೆ. ಕಡಿದಾದ ಗೋಡೆಗಳಲ್ಲಿ ಮುಸುಕು ನಿಲ್ಲದೆ ಜಾರುತ್ತದೆ, ಹಿಮವು ಬಿಸಿಲಿಗೆ ತೆರೆದುಕೊಳ್ಳುತ್ತದೆ, ಸವೆತ ಮುಂದುವರಿಯುತ್ತದೆ. 67ಪಿಯಿಂದ ಚಿಮ್ಮುತ್ತಿದ್ದ ಧೂಳಿನ ಸೆಲೆಗಳಲ್ಲಿ ಅನೇಕವು ಬಿರುಕುಬಿಟ್ಟ ಬಂಡೆಗೋಡೆಗಳಿಂದಲೇ ಹೊರಡುತ್ತಿದ್ದುವೆಂದು ಚಿತ್ರಗಳ ವಿಶ್ಲೇಷಣೆಯಿಂದ ತಿಳಿದುಬಂದಿದೆ.

2015ರ ಆಗಸ್ಟ್ 13ರಂದು ಧೂಮಕೇತುವು ಪುರರವಿಯನ್ನು ತಲುಪಿದಾಗ ಪ್ರತಿ ಸೆಕೆಂಡಿಗೆ 300 ಕಿಲೋಗ್ರಾಂವರೆಗೆ ನೀರಾವಿಯೂ 1,000 ಕಿಲೋಗ್ರಾಂವರೆಗೆ ಧೂಳೂ ಹೊರಬೀಳುತ್ತಿದ್ದುವೆಂದು ಅಂದಾಜು ಮಾಡಲಾಯಿತು. ನೀರಾವಿಯ ಈ ಪ್ರಮಾಣವು ಒಂದು ವರ್ಷದ ಹಿಂದಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚಿನದು.

ಎರಡು ಗೋಳಾರ್ಧಗಳ ಅಸಮ ಬೇಸಿಗೆ

67ಪಿಯ ಅಕ್ಷವು 52 ಡಿಗ್ರಿಗಳಷ್ಟು ಓರೆಯಾಗಿದೆ. ಇದರ ಫಲವಾಗಿ ಅಲ್ಲಿಯೂ ಋತುಗಳಿವೆ, ಆದರೆ ಅವು ಬಹಳ ಅಸಮವಾದ ಋತುಗಳು. ಉತ್ತರ ಗೋಳಾರ್ಧದ ಬೇಸಿಗೆಯು ಐದೂವರೆ ವರ್ಷಗಳಷ್ಟು ದೀರ್ಘವಾಗಿದ್ದರೂ, ಆ ಅವಧಿಯಲ್ಲಿ ಸೂರ್ಯನು ದೂರದಲ್ಲಿರುತ್ತಾನೆ. ದಕ್ಷಿಣ ಗೋಳಾರ್ಧದ ಬೇಸಿಗೆಯು ಸುಮಾರು ಹತ್ತು ತಿಂಗಳು ಮಾತ್ರ, ಆದರೆ ಪುರರವಿಯು ಅದರೊಳಗೆ ಬರುತ್ತದೆ. ಹೀಗಾಗಿ ಬಿರುಬಿಸಿಲೆಲ್ಲವೂ ದಕ್ಷಿಣದ ಪಾಲಿಗೆ ಬೀಳುತ್ತದೆ.

ಎರಡು ಗೋಳಾರ್ಧಗಳ ಚಹರೆಯಲ್ಲಿ ಈ ವ್ಯತ್ಯಾಸವು ಸ್ಪಷ್ಟವಾಗಿ ಮೂಡಿದೆ. ದಕ್ಷಿಣದ ನೆಲವು ಒರಟಾಗಿದ್ದು, ಅಲ್ಲಿ ವಿಶಾಲವಾದ ಧೂಳಿನ ಬಯಲುಗಳು ಕಾಣುವುದಿಲ್ಲ. ಉತ್ತರದಲ್ಲಿ ದಪ್ಪವಾದ, ನಯವಾದ ಧೂಳಿನ ಹಾಸು ಇದೆ. ಈ ಧೂಳು ಉತ್ತರದಲ್ಲಿಯೇ ಹುಟ್ಟಿದ್ದಲ್ಲ. ದಕ್ಷಿಣದ ಬೇಸಿಗೆಯಲ್ಲಿ ಮೇಲೆದ್ದು, ಪಾರಾಗುವಷ್ಟು ವೇಗವಿಲ್ಲದೆ ಹಿಂದಿರುಗಿದ ಕಣಗಳು ಆಗ ಚಳಿಗಾಲದ ಕತ್ತಲೆಯಲ್ಲಿದ್ದ ಉತ್ತರದ ಮೇಲೆ ಬಂದು ಬಿದ್ದಿವೆ. ಇಲ್ಲಿಂದ ಪಾರಾಗಲು ಸೆಕೆಂಡಿಗೆ ಸುಮಾರು ಒಂದು ಮೀಟರು ವೇಗ ಸಾಕು, ಅಂದರೆ ಮನುಷ್ಯನ ನಡಿಗೆಯ ವೇಗ. ಆ ವೇಗವನ್ನೂ ಗಳಿಸಲಾಗದ ಕಣಗಳು ತಮ್ಮೊಳಗೆ ಸ್ವಲ್ಪ ಹಿಮವನ್ನು ಉಳಿಸಿಕೊಂಡೇ ಕೆಳಗೆ ಬೀಳುತ್ತವೆ. ಒಂದು ಕಡೆ ಕೊರೆದು ಇನ್ನೊಂದು ಕಡೆ ಹರಡುವ ಈ ಕೆಲಸವನ್ನು ಭೂಮಿಯ ಮೇಲೆ ನದಿಗಳು ಮಾಡುತ್ತವೆ.

ಎರಡು ಹಾಲೆಗಳ ನಡುವಿನ ಕುತ್ತಿಗೆಯಲ್ಲಿರುವ ಹಾಪಿ ಎಂಬ ಪ್ರದೇಶದಲ್ಲಿ ದಿನದಿನವೂ ನಡೆಯುವ ಚಿಕ್ಕ ಚಕ್ರವೊಂದನ್ನೂ ರೊಸೆಟ್ಟಾ ಗುರುತಿಸಿತು. (67ಪಿಯ ಪ್ರದೇಶಗಳಿಗೆಲ್ಲ ಪ್ರಾಚೀನ ಈಜಿಪ್ಟಿನ ದೇವತೆಗಳ ಹೆಸರುಗಳನ್ನು ಇಡಲಾಗಿದೆ.) ಬಿಸಿಲಿರುವಾಗ ಮೇಲ್ಪದರದ ಹಿಮವು ಆವಿಯಾಗಿ ಹೋಗುತ್ತದೆ. ನೆರಳು ಬಿದ್ದೊಡನೆ ಮೇಲ್ಮೈ ಥಟ್ಟನೆ ತಣ್ಣಗಾಗುತ್ತದೆಯಾದರೂ ಒಳಗಿನ ಶಾಖವು ಇನ್ನೂ ಆವಿಯನ್ನು ಮೇಲಕ್ಕೆ ಕಳುಹಿಸುತ್ತಿರುತ್ತದೆ. ಆ ಆವಿಯು ತಣ್ಣನೆಯ ಮೇಲ್ಪದರದಲ್ಲಿ ಮತ್ತೆ ಹಿಮವಾಗಿ, ಮರುದಿನದ ಬಿಸಿಲಿಗೆ ಸಿದ್ಧವಾಗಿರುತ್ತದೆ. ಅಲ್ಲಿನ ಒಂದು ದಿನವೆಂದರೆ ಸುಮಾರು 12.4 ಗಂಟೆಗಳು.

ಬಿರುಕಿನಿಂದ ಕುಸಿತಕ್ಕೆ

ಹಗಲು-ಇರುಳುಗಳ ಮತ್ತು ಬೇಸಿಗೆ-ಚಳಿಗಾಲಗಳ ಉಷ್ಣತೆಯ ಏರಿಳಿತದಿಂದ ನೆಲದ ಚಿಪ್ಪು ಹಿಗ್ಗಿ ಕುಗ್ಗಿ ದಣಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಕಾಣುವಂತಹ ಬಹುಭುಜಾಕೃತಿಯ ಬಿರುಕುಗಳು 67ಪಿಯ ಮೇಲೆ ಅನೇಕ ಕಡೆ ಕಂಡುಬಂದಿವೆ. ಒಂದೊಂದು ಬಿಲ್ಲೆಯೂ ಕೆಲವು ಮೀಟರುಗಳಷ್ಟು ಅಗಲವಿದೆ. ಒಮ್ಮೆ ಬಿರುಕು ಬಿಟ್ಟ ಮೇಲೆ ಶಾಖವು ಅದರ ಮೂಲಕ ಆಳಕ್ಕಿಳಿದು ಒಳಗಿನ ಹಿಮವನ್ನು ತಲುಪುತ್ತದೆ. ಇದರಿಂದ ಬಿರುಕು ಇನ್ನಷ್ಟು ಬಲಿಯುತ್ತದೆ.

ಸೆತ್ ಪ್ರದೇಶದಲ್ಲಿ ಆಸ್ವಾನ್ ಎಂದು ಹೆಸರಿಸಲಾದ, 134 ಮೀಟರು ಎತ್ತರದ ಬಂಡೆಗೋಡೆಯೊಂದಿದೆ. 2014ರ ಸೆಪ್ಟೆಂಬರಿನ ಚಿತ್ರಗಳಲ್ಲಿ ಈ ಗೋಡೆಯ ನೆತ್ತಿಯ ಅಂಚಿನಲ್ಲಿ 70 ಮೀಟರು ಉದ್ದದ, ಒಂದು ಮೀಟರು ಅಗಲದ ಬಿರುಕು ಕಂಡಿತು. 2015ರ ಜುಲೈ 10ರಂದು ಇದೇ ಪ್ರದೇಶದಿಂದ ಧೂಳು ದೊಡ್ಡದಾಗಿ ಚಿಮ್ಮಿದ್ದನ್ನು ನೌಕೆಯ ಕ್ಯಾಮೆರಾ ದಾಖಲಿಸಿತು. ಐದು ದಿನಗಳ ನಂತರದ ಚಿತ್ರಗಳಲ್ಲಿ ಬಿರುಕು ಇರಲಿಲ್ಲ, ಅದರ ಆಚೆಗಿನ ಅಂಚೂ ಇರಲಿಲ್ಲ. ಅದಿದ್ದಲ್ಲಿ ತಾಜಾ ಹಿಮವು ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತಲಿನ ನೆಲವು ಬೆಳಕಿನ ಶೇಕಡಾ 6ರಷ್ಟನ್ನು ಹಿಂದಿರುಗಿಸುತ್ತಿದ್ದರೆ, ಈ ಹೊಸ ಗಾಯವು ಶೇಕಡಾ 40ಕ್ಕಿಂತ ಹೆಚ್ಚನ್ನು ಹಿಂದಿರುಗಿಸುತ್ತಿತ್ತು. ಮಲೆನಾಡಿನ ಜನರು ಮಳೆಗಾಲದಲ್ಲಿ ಕಾಣುವ ಧರೆ ಕುಸಿತದಂತಹುದೇ ಇದು. ಆದರೆ ಅಲ್ಲಿ ಮಣ್ಣಿನಲ್ಲಿ ನೀರು ತುಂಬಿ ಧರೆ ಜರಿಯುತ್ತದೆ, ಇಲ್ಲಿ ಹಿಮವು ಬರಿದಾಗಿ ಮತ್ತು ಬಿರುಕು ಬಲಿತು ಜರಿದಿದೆ.

ಕುಸಿದ ಭಾಗವು ಸುಮಾರು 22,000 ಘನ ಮೀಟರು. ಅದರಲ್ಲಿ ಬಹುಪಾಲು ಗೋಡೆಯ ಬುಡದಲ್ಲಿಯೇ ರಾಶಿಯಾಗಿ ಬಿತ್ತು. ಬಾಹ್ಯಾಕಾಶಕ್ಕೆ ಹಾರಿಹೋದದ್ದು ಅಲ್ಪ. ದೂರದಿಂದ ದೊಡ್ಡ ಸ್ಫೋಟದಂತೆ ತೋರಿದ ಘಟನೆಯ ನಿಜವಾದ ಪರಿಣಾಮವು ಬೆಟ್ಟದ ಮಣ್ಣನ್ನು ಬುಡಕ್ಕೆ ಇಳಿಸಿದ್ದಷ್ಟೇ ಎಂಬುದು ಗಮನಾರ್ಹ. ಬೆಳ್ಳನೆಯ ಗಾಯವೂ ಬಹುಕಾಲ ಉಳಿಯಲಿಲ್ಲ. 2015ರ ಡಿಸೆಂಬರ್ ವೇಳೆಗೆ ಅದರ ಹೊಳಪು ಅರ್ಧದಷ್ಟಾಗಿ, 2016ರ ಆಗಸ್ಟ್ ಹೊತ್ತಿಗೆ ಬಹುಭಾಗವು ಸುತ್ತಲಿನಂತೆಯೇ ಕಪ್ಪಾಗಿತ್ತು.

ಕುತ್ತಿಗೆಯ ಅನುಕೆತ್ ಪ್ರದೇಶದಲ್ಲಿ ಇನ್ನೂ ದೊಡ್ಡ ಬಿರುಕಿದೆ. ಆಗಮನದ ವೇಳೆಗೆ ಸುಮಾರು 500 ಮೀಟರು ಉದ್ದವಿದ್ದ ಇದು ಮುಂದೆ ಸುಮಾರು 30 ಮೀಟರು ಬೆಳೆಯಿತು. 2016ರ ಜೂನ್ ಚಿತ್ರಗಳಲ್ಲಿ ಅದಕ್ಕೆ ಸಮಾಂತರವಾಗಿ ಹೊಸ ಬಿರುಕೊಂದು ಕಾಣಿಸಿಕೊಂಡಿತು. ಇದಕ್ಕೆ ಶಾಖಕ್ಕಿಂತ ಬೇರೆಯಾದ ಕಾರಣವೂ ಇದೆ. ಹೊರನುಗ್ಗುವ ಅನಿಲವು ರಾಕೆಟ್ಟಿನಂತೆ ತಿರುಳನ್ನು ತಳ್ಳುವುದರಿಂದ ಅದರ ತಿರುಗಾಟದ ವೇಗವು ಬದಲಾಗುತ್ತದೆ. ಆ ಒಂದು ಪುರರವಿಯ ಅವಧಿಯಲ್ಲಿಯೇ ಧೂಮಕೇತುವಿನ ದಿನವು ಸುಮಾರು 20 ನಿಮಿಷ ಕಡಿಮೆಯಾಯಿತು. ಬೇಗ ತಿರುಗಿದಷ್ಟೂ ಎರಡು ಹಾಲೆಗಳ ನಡುವಿನ ಕುತ್ತಿಗೆಯ ಮೇಲೆ ಎಳೆತ ಹೆಚ್ಚುತ್ತದೆ.

ಕುಳಿಗಳು

67ಪಿಯ ಉತ್ತರ ಭಾಗದಲ್ಲಿ ಬಾವಿಯಂತೆ ನೇರ ಗೋಡೆಗಳುಳ್ಳ ದುಂಡನೆಯ 18 ಕುಳಿಗಳನ್ನು ಗುರುತಿಸಿ 2015ರಲ್ಲಿ ವರದಿ ಮಾಡಲಾಯಿತು. ಸೆತ್ ಪ್ರದೇಶದ ಒಂದು ಕುಳಿಯು ಸುಮಾರು 220 ಮೀಟರು ಅಗಲ ಮತ್ತು 185 ಮೀಟರು ಆಳವಿದೆ. ಉಲ್ಕೆಗಳ ಹೊಡೆತದಿಂದ ಉಂಟಾಗುವ ಗುಂಡಿಗಳು ಬಟ್ಟಲಿನಂತೆ ಅಗಲವಾಗಿಯೂ ಆಳ ಕಡಿಮೆಯಾಗಿಯೂ ಇರುತ್ತವೆ. ಆದ್ದರಿಂದ ಇವು ಹೊಡೆತದ ಗುರುತುಗಳಲ್ಲ. ನೆಲದಡಿಯಲ್ಲಿ ಟೊಳ್ಳು ಉಂಟಾಗಿ, ಮೇಲಿನ ಚಾವಣಿಯು ತೆಳುವಾಗುತ್ತಾ ಬಂದು, ತನ್ನ ಭಾರವನ್ನು ತಾನೇ ಹೊರಲಾರದೆ ಒಳಕ್ಕೆ ಬಿದ್ದಾಗ ಇಂತಹ ಕುಳಿ ತೆರೆದುಕೊಳ್ಳುತ್ತದೆ ಎಂಬ ವಿವರಣೆಯನ್ನು ನೀಡಲಾಗಿದೆ. ಸುಣ್ಣಕಲ್ಲಿನ ಪ್ರದೇಶಗಳಲ್ಲಿ ನೆಲವು ಹಠಾತ್ತನೆ ಕುಸಿದು ಬಾಯ್ದೆರೆಯುವುದೂ ಹೀಗೆಯೇ. ಕುಳಿ ತೆರೆದ ಮೇಲೆ ಅದರ ತಾಜಾ ಗೋಡೆಗಳಿಂದ ಅನಿಲ ಮತ್ತು ಧೂಳು ಚಿಮ್ಮತೊಡಗುತ್ತವೆ. ಗೋಡೆಗಳು ಜರಿಯುತ್ತಾ ಹಿಂದೆ ಸರಿಯುತ್ತವೆ, ಕುಳಿಯು ಅಗಲವಾಗುತ್ತದೆ, ತಳವು ತುಂಬುತ್ತದೆ. ಕೊನೆಗೆ ಅದು ಆಳವಿಲ್ಲದ, ನಿಶ್ಚಲವಾದ ತಗ್ಗಾಗಿ ಉಳಿಯುತ್ತದೆ. ಎಳೆಯ, ನಡುವಯಸ್ಸಿನ ಮತ್ತು ಮುದಿಯಾದ ಕುಳಿಗಳು ಒಂದೇ ಧೂಮಕೇತುವಿನ ಮೇಲೆ ಕಾಣಸಿಗುತ್ತವೆ.

ಅಷ್ಟು ದೊಡ್ಡ ಟೊಳ್ಳುಗಳು ಹೇಗೆ ಉಂಟಾದುವು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗದ ಪ್ರಶ್ನೆ. ಬೇಗ ಆವಿಯಾಗುವ ಇಂಗಾಲದ ಆಕ್ಸೈಡುಗಳ ಹಿಮವು ಒಳಗೊಳಗೇ ಖಾಲಿಯಾಗಿ ಉಂಟಾಗಿರಬಹುದು, ಅಥವಾ ಹುಟ್ಟಿನಿಂದಲೇ ಇದ್ದಿರಬಹುದು. ರೇಡಿಯೋ ಅಲೆಗಳನ್ನು ಚಿಕ್ಕ ಹಾಲೆಯ ಮೂಲಕ ಹಾಯಿಸಿ ನೋಡಿದಾಗ ಒಳಗೆ ದೊಡ್ಡ ಗವಿಗಳ ಸುಳಿವು ದೊರೆಯಲಿಲ್ಲ.

ಧೂಳಿನ ಬಯಲಿನಲ್ಲಿ ಕಂಡ ಬದಲಾವಣೆ

ದೊಡ್ಡ ಹಾಲೆಯ ಇಮ್ಹೋಟೆಪ್ ಎಂಬ ನಯವಾದ ಬಯಲನ್ನು ನೌಕೆಯು ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಗಮನಿಸಿದರೂ ಅಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. 2015ರ ಜೂನ್ 3ರ ಚಿತ್ರದಲ್ಲಿ ದುಂಡನೆಯ ತಗ್ಗೊಂದು ಮೊದಲ ಬಾರಿಗೆ ಕಂಡಿತು. ಅದರ ಅಂಚು ಗಂಟೆಗೆ ಕೆಲವು ಹತ್ತು ಸೆಂಟಿಮೀಟರುಗಳಂತೆ ಹೊರಕ್ಕೆ ಸರಿಯುತ್ತಿತ್ತು. ಇನ್ನೂ ಕೆಲವು ತಗ್ಗುಗಳು ಸೇರಿಕೊಂಡು, ಜುಲೈ ಆರಂಭದ ವೇಳೆಗೆ ದೊಡ್ಡವೆರಡರ ವ್ಯಾಸವು 220 ಮೀಟರು ಮತ್ತು 140 ಮೀಟರುಗಳಾಗಿತ್ತು. ತೆರವಾದ ಪದರದ ದಪ್ಪ ಸುಮಾರು ಐದು ಮೀಟರು. ಬಿಸಿಲಿಗೆ ಹಿಮವು ಆವಿಯಾಗುವ ಲೆಕ್ಕವೊಂದರಿಂದಲೇ ಈ ವೇಗವನ್ನು ವಿವರಿಸಲು ಆಗುವುದಿಲ್ಲ. ಅಲ್ಲಿನ ಧೂಳಿನ ಪದರವು ಅತಿ ದುರ್ಬಲವಾಗಿದ್ದಿರಬೇಕು, ಅಥವಾ ಹಿಮದ ರಚನೆಯು ಬದಲಾಗುವಾಗ ಬಿಡುಗಡೆಯಾಗುವ ಶಕ್ತಿಯೂ ನೆರವಾಗಿರಬೇಕು ಎಂದು ಸೂಚಿಸಲಾಗಿದೆ.

ಖೊನ್ಸು ಪ್ರದೇಶದಲ್ಲಿ 30 ಮೀಟರು ಅಗಲದ, ಸುಮಾರು 12,800 ಟನ್ ರಾಶಿಯ ಹೆಬ್ಬಂಡೆಯೊಂದು ತಾನಿದ್ದ ಸ್ಥಳದಿಂದ 140 ಮೀಟರು ದೂರ ಸರಿದಿತ್ತು. ಕೇಳಲು ಬೆರಗೆನಿಸಿದರೂ, ಅಲ್ಲಿನ ಗುರುತ್ವದಲ್ಲಿ ಅದರ ತೂಕವು ಭೂಮಿಯ ಮೇಲೆ ಸುಮಾರು 200 ಕಿಲೋಗ್ರಾಂ ತೂಗುವ ಹೊರೆಗೆ ಸಮ ಎಂಬುದನ್ನು ನೆನೆಯಬೇಕು. ಬುಡದ ನೆಲ ಸವೆದು ಅದು ಇಳಿಜಾರಿನಲ್ಲಿ ಉರುಳಿರಬಹುದು, ಇಲ್ಲವೇ ಅನಿಲದ ಹಠಾತ್ ಒತ್ತಡವು ಅದನ್ನು ಎತ್ತಿಹಾಕಿರಬಹುದು. ಹಾಪಿಯಲ್ಲಿ ಮರಳುಗಾಡಿನ ಅಲೆಗಳಂತಹ ಸಾಲುದಿಬ್ಬಗಳೂ ಕಂಡುಬಂದಿವೆ. ವಾಯುಮಂಡಲವೇ ಇಲ್ಲದೆಡೆ ಗಾಳಿಯ ಗುರುತು ಹೇಗೆ? ಹಗಲಿನ ಭಾಗದಲ್ಲಿ ಹುಟ್ಟಿದ ಆವಿಯು ಒತ್ತಡವಿಲ್ಲದ ಇರುಳಿನ ಭಾಗದ ಕಡೆಗೆ ರಭಸದಿಂದ ಹರಿಯುವಾಗ, ಬಹು ತೆಳುವಾಗಿದ್ದರೂ, ಧೂಳನ್ನು ಸರಿಸಲು ಶಕ್ತವಾಗುತ್ತದೆ.

ಲೆಕ್ಕ ಹಾಕಿದಾಗ ತಿಳಿಯುವುದು

ಇಷ್ಟೆಲ್ಲ ಬದಲಾವಣೆಗಳನ್ನು ಓದಿದ ಮೇಲೆ ಧೂಮಕೇತುವು ಪ್ರತಿ ಸುತ್ತಿನಲ್ಲಿಯೂ ಹೊಸ ರೂಪ ತಾಳುತ್ತದೆಯೆಂದು ಭಾವಿಸುವುದು ಸಹಜ. ವಾಸ್ತವ ಸಂಗತಿ ಹಾಗಿಲ್ಲ. ರೊಸೆಟ್ಟಾ ಇದ್ದ ಅವಧಿಯಲ್ಲಿ 67ಪಿ ಕಳೆದುಕೊಂಡ ರಾಶಿಯು ಸುಮಾರು ಒಂದು ಕೋಟಿ ಟನ್. ಅದರ ಒಟ್ಟು ರಾಶಿಯು ಸುಮಾರು ಒಂದು ಸಾವಿರ ಕೋಟಿ ಟನ್. ಅಂದರೆ ಹೋದದ್ದು ಸಾವಿರದಲ್ಲಿ ಒಂದು ಪಾಲು. ಇದನ್ನು ಇಡೀ ಮೇಲ್ಮೈಗೆ ಸಮನಾಗಿ ಹಂಚಿದರೆ ಅರ್ಧ ಮೀಟರಿಗಿಂತಲೂ ತೆಳುವಾದ ಪದರವಾಗುತ್ತದೆ. ಕೆಲವೆಡೆ ಅನೇಕ ಮೀಟರುಗಳಷ್ಟು ಸವೆದಿದ್ದು ನಿಜ, ಕೆಲವೆಡೆ ಧೂಳು ಬಿದ್ದು ನೆಲವು ಏರಿದ್ದೂ ನಿಜ. ಆದರೂ ಪುರರವಿಯ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಜೊತೆಗಿಟ್ಟು ನೋಡಿದರೆ ದೊಡ್ಡ ಬಂಡೆಗೋಡೆಗಳೂ ಕುಳಿಗಳೂ ಇದ್ದಂತೆಯೇ ಇವೆ.

ಈ ಧೂಮಕೇತುವಿನ ಹಿಂದಿನ ಪಥವನ್ನು ಇಲ್ಲಿ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. 1959ರಲ್ಲಿ ಅದು ಗುರುಗ್ರಹದ ಸಮೀಪ ಹಾದುಹೋಗುವವರೆಗೆ ಅದರ ಪುರರವಿಯು ಸುಮಾರು 40 ಕೋಟಿ ಕಿ.ಮೀ. ದೂರದಲ್ಲಿತ್ತು. ಗುರುವಿನ ಸೆಳೆತದಿಂದ ಕಕ್ಷೆಯು ಬದಲಾಗಿ ಆ ದೂರವು ಅರ್ಧಕ್ಕಿಂತ ಕಡಿಮೆಯಾಯಿತು. ಆ ಬಳಿಕ 2015ರವರೆಗೆ ಅದು ಸೂರ್ಯನ ಬಳಿಗೆ ಬಂದದ್ದು ಹತ್ತಕ್ಕಿಂತ ಕಡಿಮೆ ಬಾರಿ. ಪ್ರತಿ ಬಾರಿಯೂ ಇಷ್ಟೇ ಸವೆದಿದ್ದರೆ ಒಟ್ಟು ಸರಾಸರಿ ನಾಲ್ಕೈದು ಮೀಟರು ಸವೆದಿರಬಹುದು. 185 ಮೀಟರು ಆಳದ ಕುಳಿಗಳನ್ನು ತೋಡಲು ಅದು ಸಾಲದು. ಆದ್ದರಿಂದ ಈಗ ಕಾಣುವ ದೊಡ್ಡ ಭೂರೂಪಗಳು ಈಗಿನ ಕಕ್ಷೆಯ ಫಲವಲ್ಲ; ಬೇಗ ಆವಿಯಾಗುವ ಹಿಮಗಳು ಸಮೃದ್ಧವಾಗಿದ್ದ, ಹೆಚ್ಚು ಚಟುವಟಿಕೆಯ ಹಿಂದಿನ ಕಾಲವೊಂದರಲ್ಲಿ ಅವು ರೂಪುಗೊಂಡಿರಬೇಕು ಎಂಬ ತೀರ್ಮಾನವನ್ನು 2017ರಲ್ಲಿ ಪ್ರಕಟಿಸಲಾಯಿತು. ಈಗಿನ ಸವೆತವು ಹಳೆಯ ಗೋಡೆಗಳ ಅಂಚುಗಳನ್ನು ಕೆಡವುತ್ತಾ, ತಗ್ಗುಗಳನ್ನು ತುಂಬುತ್ತಾ, ಇದ್ದ ಉಬ್ಬುತಗ್ಗುಗಳನ್ನು ಮೆಲ್ಲಗೆ ಅಳಿಸುತ್ತಿದೆ.

ಇತರ ಧೂಮಕೇತುಗಳನ್ನು ಜೊತೆಗಿಟ್ಟು ನೋಡಿದಾಗ ಈ ಮಾತಿಗೆ ಬೆಂಬಲ ದೊರೆಯುತ್ತದೆ. ವಿಲ್ಟ್-2 ಧೂಮಕೇತುವು 1974ರಲ್ಲಷ್ಟೇ ಗುರುವಿನ ಸೆಳೆತದಿಂದ ಒಳಗಿನ ಕಕ್ಷೆಗೆ ಬಂದದ್ದು. ಅದರ ಮೇಲೆ ಕಡಿದಾದ ಕುಳಿಗಳೂ ಮೊನಚಾದ ಶಿಖರಗಳೂ ಇವೆ. ಹೆಚ್ಚು ಬಾರಿ ಸೂರ್ಯನನ್ನು ಸುತ್ತಿರುವ ಟೆಂಪಲ್-1 ಮತ್ತು ಹಾರ್ಟ್ಲಿ-2ರ ಮೇಲ್ಮೈಗಳು ಅದಕ್ಕಿಂತ ನಯವಾಗಿವೆ. ಬಂಡೆಗೋಡೆಗಳ ಎತ್ತರವನ್ನು ನೋಡಿ ಧೂಮಕೇತುವು ಸೂರ್ಯನಿಂದ ಎಷ್ಟು ಬೆಂದಿದೆ ಎಂದು ಅಂದಾಜು ಮಾಡಬಹುದೆಂಬ ಸಲಹೆಯೂ ಬಂದಿದೆ. ಗೋಡೆಗಳು ಇರುವವರೆಗೆ ಹಿಮವು ಬಿಸಿಲನ್ನು ಕಾಣುತ್ತದೆ. ಗೋಡೆಗಳೆಲ್ಲ ಜರಿದು ತಮ್ಮದೇ ಧೂಳಿನಲ್ಲಿ ಹೂತುಹೋದ ಧೂಮಕೇತುವು, ಒಳಗೆ ಹಿಮ ಉಳಿದಿದ್ದರೂ, ಬಾಲವಿಲ್ಲದೆ ಕ್ಷುದ್ರಗ್ರಹದಂತೆ ಸಂಚರಿಸಬಹುದು. ಎಲ್ಲ ಧೂಮಕೇತುಗಳಿಗೂ ಇಂತಹ ಶಾಂತವಾದ ಅಂತ್ಯವಿಲ್ಲ. ಷೂಮೇಕರ್-ಲೆವಿ 9 ಗುರುವಿನ ಸೆಳೆತಕ್ಕೆ ಚೂರುಚೂರಾಗಿ, ಅದರ ತುಣುಕುಗಳು 1994ರ ಜುಲೈನಲ್ಲಿ ಆ ಗ್ರಹಕ್ಕೇ ಅಪ್ಪಳಿಸಿದುವು.

ಗೋಡೆಯೊಳಗಿನ ಸಾಕ್ಷ್ಯ

ಸವೆತವು ಹುಟ್ಟಿನ ಗುರುತುಗಳನ್ನು ಅಳಿಸುತ್ತದೆ ಎನ್ನುವುದು ಅರ್ಧ ಸತ್ಯ ಮಾತ್ರ. ಮೇಲ್ಮೈಯ ಗುರುತುಗಳನ್ನು ಅಳಿಸುವಾಗಲೇ ಅದು ಒಳಗಿನ ಪದರಗಳನ್ನು ಹೊರಗೆಡಹುತ್ತದೆ. ಎರಡು ಹಾಲೆಗಳ ಪದರಗಳು ಹೊಂದುವುದಿಲ್ಲವೆಂದು ತಿಳಿದದ್ದೇ ಸವೆದ ಗೋಡೆಗಳನ್ನು ನೋಡಿ. ಕೆಲವು ಕುಳಿಗಳ ಗೋಡೆಗಳಲ್ಲಿ ಸುಮಾರು ಮೂರು ಮೀಟರು ಗಾತ್ರದ, ಒತ್ತೊತ್ತಾಗಿ ಜೋಡಿಸಿದಂತೆ ಕಾಣುವ ಉಬ್ಬುಗಳಿವೆ. ಧೂಮಕೇತುವು ಯಾವ ಸಣ್ಣ ಉಂಡೆಗಳು ಕೂಡಿಕೊಂಡು ಆಯಿತೋ ಆ ಮೂಲ ಉಂಡೆಗಳೇ ಇವಾಗಿರಬಹುದು ಎಂದು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಇವೂ ಬಿರುಕಿನ ಪರಿಣಾಮವೇ ಎಂಬ ವಾದವೂ ಇದೆ.

ರೊಸೆಟ್ಟಾದ ಕೊನೆಯ ಕಾರ್ಯಕ್ಕೆ ಸ್ಥಳವನ್ನು ಆರಿಸುವಾಗ ಈ ಪ್ರಶ್ನೆಯು ಮುಂದಿತ್ತು. 2016ರ ಸೆಪ್ಟೆಂಬರ್ 30ರಂದು ನೌಕೆಯನ್ನು ಚಿಕ್ಕ ಹಾಲೆಯ ಮಾಆತ್ ಪ್ರದೇಶದಲ್ಲಿ, ಸುಮಾರು 130 ಮೀಟರು ಅಗಲದ ಕುಳಿಯೊಂದರ ಪಕ್ಕಕ್ಕೆ ನಿಧಾನವಾಗಿ ಇಳಿಸಲಾಯಿತು. ಇಳಿಯುತ್ತಾ ಅದು ಕುಳಿಯ ಗೋಡೆಯ ಚಿತ್ರಗಳನ್ನು ಕಳುಹಿಸಿತು. ನೆಲವನ್ನು ತಾಕಿದೊಡನೆ ಸಂಪರ್ಕ ಕಡಿದುಹೋಯಿತು. ನೌಕೆಯು ಈಗಲೂ ಅಲ್ಲಿಯೇ ಇದೆ. 2021ರ ನವೆಂಬರಿನಲ್ಲಿ 67ಪಿ ಮತ್ತೊಮ್ಮೆ ಪುರರವಿಯನ್ನು ದಾಟಿತು. ಮುಂದಿನ ಪುರರವಿಯು 2028ರಲ್ಲಿ ಬರಲಿದೆ.

ಸೂರ್ಯನ ಬಳಿಗೆ ಎಂದೂ ಬಾರದ, ಆದ್ದರಿಂದ ಇನ್ನೂ ಸವೆಯದ ಧೂಮಕೇತುವನ್ನು ಇದುವರೆಗೆ ಯಾವ ನೌಕೆಯೂ ಸಮೀಪದಿಂದ ಕಂಡಿಲ್ಲ. ಈ ಕೊರತೆಯನ್ನು ನೀಗಿಸಲು ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು ಜಪಾನಿನ ಸಹಯೋಗದೊಂದಿಗೆ ಕಾಮೆಟ್ ಇಂಟರ್‌ಸೆಪ್ಟರ್ ಎಂಬ ನೌಕೆಯನ್ನು ಸಿದ್ಧಪಡಿಸುತ್ತಿದೆ. ಈ ದಶಕದ ಕೊನೆಯ ವೇಳೆಗೆ ಅದನ್ನು ಉಡಾಯಿಸಲು ಯೋಜಿಸಲಾಗಿದೆ. ಅದು ಯಾವ ಧೂಮಕೇತುವಿನ ಬಳಿಗೆ ಹೋಗಬೇಕೆಂಬುದನ್ನು ಮೊದಲೇ ನಿಶ್ಚಯಿಸುವ ಅಗತ್ಯವಿಲ್ಲ. ಬಾಹ್ಯಾಕಾಶದಲ್ಲಿ ಒಂದೆಡೆ ಕಾದಿದ್ದು, ತಕ್ಕ ಧೂಮಕೇತುವೊಂದು ದೂರದಿಂದ ಬರುತ್ತಿರುವುದು ಪತ್ತೆಯಾದಾಗ ಅದರ ಪಥದ ಕಡೆಗೆ ಹೊರಡುವಂತೆ ನೌಕೆಯನ್ನು ರೂಪಿಸಲಾಗಿದೆ.